ಓಡಿದ ಹತ್ತೇ ನಿಮಿಷಕ್ಕೆ ತೊಡೆ, ಹೊಟ್ಟೆ ತುರಿಕೆ

ಆರು ತಿಂಗಳು ಬಿಟ್ಟು ಮತ್ತೆ ಓಡಲು ಶುರು ಮಾಡಿದ್ದೀರಿ, ಹತ್ತು ನಿಮಿಷಕ್ಕೇ ತುರಿಕೆ ಅಂದಿದ್ದೀರಿ. ಬಹುಶಃ ರೂಢಿ ತಪ್ಪಿದ್ದೇ ಕಾರಣ. ಓಡುವಾಗ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ತುರಿಕೆ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಮೈಯಲ್ಲಿ ಬಿಡುಗಡೆಯಾಗುತ್ತದೆ. ನನಗೂ ಹೀಗೇ ಆಗಿತ್ತು. ಚಡ್ಡಿಯ ಎಲಾಸ್ಟಿಕ್ ಕೆಳಗೆ ಕೆರೆದು ಕೆರೆದು ಗೆರೆ ಬಿದ್ದಿತ್ತು.

ಮೊದಲು ತುರಿಸುವ ಜಾಗ ನೋಡಿ, ಫೋಟೋ ತೆಗೆಯಿರಿ. ಸಾಸಿವೆ ಕಾಳಿನಷ್ಟು ಗಂಧೆಗಳು ಎದ್ದು ಒಂದು ಗಂಟೆಯೊಳಗೆ ಮಾಯವಾದರೆ ಅದು ಬೇರೆ, ಮೈ ಬಿಸಿಯಾದಾಗ ಬರುವ ಕೊಲಿನರ್ಜಿಕ್ ಅರ್ಟಿಕೇರಿಯಾ ಇರಬಹುದು. ಬಿಸಿನೀರಿನ ಸ್ನಾನಕ್ಕೂ ಬರುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಸಿಟ್ರಿಜಿನ್ ಥರದ ಅಲರ್ಜಿ ಮಾತ್ರೆ ಬೇಕಾ ಕೇಳಿ.

ಗಂಧೆ ಇಲ್ಲದಿದ್ದರೆ ಸ್ನಾನವಾದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ಬಟ್ಟೆಯಲ್ಲಿ ಸೋಪಿನ ಪುಡಿ ಉಳಿಯದ ಹಾಗೆ ಜಾಲಾಡಿಸಿ. ಹತ್ತು ನಿಮಿಷ ನಡೆದು ಆಮೇಲೆ ಓಡಿ. ಮಧ್ಯೆ ವಾರಗಟ್ಟಲೆ ಬಿಡಬೇಡಿ, ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ನನಗೆ ಮೂರು ವಾರ ಹಿಡಿಯಿತು, ನಿಮಗೆ ಎಷ್ಟೋ ಹೇಳಲಾರೆ.

ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮಾತ್ರ ಅಲ್ಲೇ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗಿ. ಕೆಲವರಿಗೆ ಗೋಧಿ ಅಥವಾ ಸೀಗಡಿ ತಿಂದು ಓಡಿದಾಗ ಮಾತ್ರ ಹೀಗಾಗುತ್ತದೆ. ಓಡುವ ಮೊದಲು ಏನು ತಿಂದಿದ್ದಿರಿ ಅಂತ ಡಾಕ್ಟರಿಗೆ ಹೇಳಿ.