ಕಲ್ಲಿದ್ದಲು ಗಣಿಯಲ್ಲಿ ನಿಯಮಕ್ಕೆ ಬರವಿಲ್ಲ, ‘ಕೆಲಸ ನಿಲ್ಲಿಸಿ’ ಎನ್ನುವವರಿಗೆ ಬರ

ನೀವು ಕೇಳಿದ್ದು ಇಷ್ಟು: ಕಲ್ಲಿದ್ದಲು ಗಣಿಗಳಿಗೆ ಅಷ್ಟೊಂದು ಸುರಕ್ಷತಾ ಕಾನೂನು ಇದ್ದರೂ ಜನ ಯಾಕೆ ಸಾಯುತ್ತಾರೆ, ಇದರಲ್ಲಿ ರಾಜಕೀಯ ಎಲ್ಲಿ ಬರುತ್ತದೆ, ಕಲ್ಲಿದ್ದಲೇ ಸಿಗದ ಕರ್ನಾಟಕಕ್ಕೆ ಇದರಿಂದ ಏನು? ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಸುರತ್ಕಲ್‌ನಲ್ಲಿ ಮೈನಿಂಗ್ ಓದಿ, ಕೆಲವು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಈಗ ಊರಲ್ಲಿ ಕಾಫಿ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲನೆಯದಾಗಿ, ನಮ್ಮ ನಿಯಮಗಳು ಕೆಟ್ಟದಾಗೇನೂ ಇಲ್ಲ. ಒಂದನ್ನೇ ತೆಗೆದುಕೊಳ್ಳಿ. ನೀರು ತುಂಬಿದ ಹಳೇ ಗಣಿಯಿಂದ 60 ಮೀಟರ್ ಒಳಗೆ ಅನುಮತಿ ಇಲ್ಲದೆ ಅಗೆಯಬಾರದು ಎಂದು 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲೇ ಇತ್ತು. ಆದರೂ 1975ರ ಡಿಸೆಂಬರ್ 27ರಂದು ಈಗಿನ ಜಾರ್ಖಂಡ್‌ನ ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ ಮೇಲಿನ ಹಳೇ ಗಣಿಯ ನೀರು ಒಡೆದು ಕೆಳಗೆ ನುಗ್ಗಿತು. ಸರ್ಕಾರಿ ಲೆಕ್ಕದಲ್ಲೇ 375 ಜನ ಸತ್ತರು. 1995ರಲ್ಲಿ ಗಜ್ಲಿಟಾಂಡ್ ಗಣಿಗೆ ಕತ್ರಿ ನದಿಯೇ ಹೊಕ್ಕಿತು, 64 ಸಾವು. 2001ರಲ್ಲಿ ಬಾಗ್ಡಿಗಿಯಲ್ಲಿ ಮತ್ತೆ ಪಕ್ಕದ ಹಳೇ ಗಣಿಯ ನೀರು, 29 ಸಾವು. ಮೂರೂ ಧನಬಾದ್ ಸುತ್ತಮುತ್ತಲೇ. ದೇಶದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅಂದರೆ ಡಿಜಿಎಂಎಸ್, ಇದರ ಮುಖ್ಯ ಕಚೇರಿ ಇರುವ ಊರು ಕೂಡ ಧನಬಾದೇ! ಚಾಸ್ನಾಲಾ ಕೇಸಿನ ತೀರ್ಪು ಬಂದದ್ದು 2012ರಲ್ಲಿ. ಅಷ್ಟರಲ್ಲಿ ಆರೋಪಿಗಳಲ್ಲೇ ಕೆಲವರು ತೀರಿಕೊಂಡಿದ್ದರು. ಉಳಿದಿದ್ದ ಇಬ್ಬರಿಗೆ ಒಂದು ವರ್ಷ ಜೈಲು.

ರಾಜಕೀಯ ಎಲ್ಲಿ ಬರುತ್ತದೆ ಅಂದರೆ, ಅಧಿಕಾರ ಹಂಚಿರುವ ರೀತಿಯಲ್ಲೇ ಬರುತ್ತದೆ. ಇಷ್ಟು ಟನ್ ತೆಗೆಯಿರಿ ಎಂದು ಟಾರ್ಗೆಟ್ ಕೊಡುವುದು ಕಲ್ಲಿದ್ದಲು ಸಚಿವಾಲಯ. ಸುರಕ್ಷತೆ ನೋಡುವ ಡಿಜಿಎಂಎಸ್ ಇರುವುದು ಕಾರ್ಮಿಕ ಸಚಿವಾಲಯದ ಕೆಳಗೆ. ಇವೆರಡು ಬೇರೆ ಬೇರೆ ಇರುವುದು ಒಳ್ಳೆಯದೇ. ಆದರೆ ಸಂಪುಟದಲ್ಲಿ ಎರಡಕ್ಕೂ ಒಂದೇ ತೂಕ ಇಲ್ಲ. ಇನ್ನು ರಾಜ್ಯ ಸರ್ಕಾರ. ಗಣಿ ಕಾರ್ಮಿಕರ ಸುರಕ್ಷತೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ರಾಜ್ಯಕ್ಕೆ ಸಿಗುವುದು ರಾಯಲ್ಟಿ, ಕಲ್ಲಿದ್ದಲಿಗೆ ಬೆಲೆಯ ಶೇ. 14. ಅಪಘಾತ ಆದಾಗ ಮುಖ್ಯಮಂತ್ರಿ ಬಂದು ಪರಿಹಾರ ಘೋಷಿಸುತ್ತಾರೆ, ಕೇಂದ್ರವನ್ನು ಬೈಯುತ್ತಾರೆ. ಕೇಂದ್ರ ವಿಚಾರಣೆಗೆ ಆದೇಶ ಕೊಡುತ್ತದೆ. ಗಣಿ ಕೆಲವು ದಿನ ಮುಚ್ಚಿರುತ್ತದೆ. ಅಷ್ಟೇ.

ಇನ್‌ಸ್ಪೆಕ್ಟರ್‌ಗೆ ಅಧಿಕಾರ ಇಲ್ಲವಾ ಅಂದರೆ, ಇತ್ತು. 1952ರ ಗಣಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ತಕ್ಷಣದ ಅಪಾಯ ಕಂಡರೆ ಜನರನ್ನು ಹೊರಗೆ ಕಳಿಸಿ ಕೆಲಸ ನಿಲ್ಲಿಸಬಹುದಿತ್ತು. ಚಲಾಯಿಸುವುದು ಬೇರೆ ಮಾತು. 2021ರ ಅಕ್ಟೋಬರ್ ನೆನಪಿದೆಯಾ? ಪವರ್ ಸ್ಟೇಷನ್‌ಗಳಲ್ಲಿ ಕಲ್ಲಿದ್ದಲು ಖಾಲಿಯಾಗುತ್ತಿದೆ ಎಂದು ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಅಂಥ ವಾರದಲ್ಲಿ ದೊಡ್ಡ ಗಣಿಯೊಂದನ್ನು ನಿಲ್ಲಿಸುವ ಅಧಿಕಾರಿ ಎಷ್ಟು ಫೋನ್ ಎತ್ತಬೇಕಾಗುತ್ತದೆ, ಯೋಚಿಸಿ. ಮೇಲಿನ ಯಾರೂ ‘ಸುರಕ್ಷತೆ ಬಿಡಿ’ ಎಂದು ಬರೆದು ಕೊಡುವುದಿಲ್ಲ. ಅದರ ಅಗತ್ಯವೇ ಇರುವುದಿಲ್ಲ.

ಗಣಿಯ ಒಳಗೂ ಹೀಗೇ. ಕಾನೂನು ಹಿಡಿಯುವುದು ಮುಖ್ಯವಾಗಿ ಮ್ಯಾನೇಜರನ್ನು. ಅವನ ಕೆಳಗೆ ಓವರ್‌ಮನ್, ಅಂದರೆ ಪಾಳಿಯ ಮೇಲ್ವಿಚಾರಕ. ಅವನ ಕೆಳಗೆ ಸರ್ದಾರ್, ಅಂದರೆ ಗಣಿಯ ಒಂದು ಭಾಗವನ್ನು ನೋಡಿಕೊಳ್ಳುವವನು. ಟಾರ್ಗೆಟ್ ನಿಗದಿ ಮಾಡುವುದು ಇವರ್‍ಯಾರೂ ಅಲ್ಲ. ನಾನಿದ್ದ ಕಡೆ ಬೆಳಗಿನ ಮೀಟಿಂಗ್‌ನ ಮೊದಲ ಪ್ರಶ್ನೆ ಯಾವಾಗಲೂ ‘ನಿನ್ನೆ ಎಷ್ಟು ಟನ್?’ ಮೇಲ್ಛಾವಣಿ ಸರಿಯಿಲ್ಲ ಎಂದು ಸರ್ದಾರ್ ಡೈರಿಯಲ್ಲಿ ಬರೆಯುತ್ತಿದ್ದ. ಓವರ್‌ಮನ್ ಸಹಿ ಹಾಕುತ್ತಿದ್ದ. ಮೇಲಿನವರು ‘ನೋಡಿದೆ’ ಎಂದು ಸಹಿ ಹಾಕುತ್ತಿದ್ದರು. ಛಾವಣಿ ಹಿಡಿದಿಡುವ ಬೋಲ್ಟ್ ಮಾತ್ರ ಸ್ಟೋರಿನಿಂದ ಬಂದಿರುತ್ತಿರಲಿಲ್ಲ. ಏನಾದರೂ ಆದರೆ ‘ನಾನು ಬರೆದಿದ್ದೆ’ ಎನ್ನಲು ಎಲ್ಲರ ಹತ್ತಿರವೂ ಕಾಗದ ಇತ್ತು. ಬರೆದಿಟ್ಟು ತಪ್ಪಿಸಿಕೊಳ್ಳುವ ಈ ಅಭ್ಯಾಸ ಲಂಚಕ್ಕಿಂತ ಜಾಸ್ತಿ ಅಪಾಯ ಅಂತ ನನಗೆ ಅನಿಸುತ್ತದೆ. ಲಂಚವಾದರೆ ಎಂದಾದರೂ ಸಿಕ್ಕಿಬೀಳುತ್ತದೆ.

ಕಾರ್ಮಿಕರ ಕಡೆಯಿಂದಲೂ ಇನ್‌ಸ್ಪೆಕ್ಟರ್ ಇರಬೇಕು ಎಂದು 1955ರ ಗಣಿ ನಿಯಮಗಳಿಗೆ ಆಮೇಲೆ ಸೇರಿಸಿದರು. 500 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಗಣಿಯಲ್ಲಿ ಯೂನಿಯನ್ ಜೊತೆ ಮಾತಾಡಿ ನೇಮಿಸಬೇಕು. ಒಳ್ಳೆಯ ಯೋಚನೆ. ಆದರೆ ಅವರಿಗೆ ಸಂಬಳ ಕೊಡುವುದೂ ಅದೇ ಕಂಪನಿ, ನೇಮಿಸುವುದೂ ಅದೇ ಕಂಪನಿ.

ತಪಾಸಣೆ ಹೇಗೆ ನಡೆಯುತ್ತದೆ ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೇಬರ್ ಆಫೀಸರ್ ಬರುವ ಹಿಂದಿನ ದಿನ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಸುಣ್ಣ ಬೀಳುತ್ತದಲ್ಲ, ಗಣಿಯಲ್ಲೂ ಅದೇ ಕಥೆ. ಅಮೆರಿಕದಲ್ಲಿ ಇನ್‌ಸ್ಪೆಕ್ಟರ್ ಬರುವ ಸುದ್ದಿಯನ್ನು ಮೊದಲೇ ಮುಟ್ಟಿಸುವುದು ಅಪರಾಧ. ಅಲ್ಲೂ ನಡೆಯುತ್ತಿತ್ತು. ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಗೇಟಿನ ಕಾವಲುಗಾರರು ವಯರ್‌ಲೆಸ್‌ನಲ್ಲಿ ಒಳಗಿನವರಿಗೆ ಸುದ್ದಿ ಕೊಡುತ್ತಿದ್ದರು. 2010ರ ಏಪ್ರಿಲ್ 5ರಂದು ಅಲ್ಲಿ ಸ್ಫೋಟವಾಗಿ 29 ಜನ ಸತ್ತರು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಭದ್ರತಾ ಮುಖ್ಯಸ್ಥ ಜೈಲಿಗೆ ಹೋದ. ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಕೂಡ ಸುರಕ್ಷತಾ ನಿಯಮ ಮುರಿಯಲು ಪಿತೂರಿ ಮಾಡಿದ್ದಕ್ಕೆ ಒಂದು ವರ್ಷ ಜೈಲಿನಲ್ಲಿದ್ದ. ಜೈಲಿನಿಂದ ಬಂದವನೇ ಸೆನೆಟ್ ಚುನಾವಣೆಯ ಟಿಕೆಟ್‌ಗೂ ಪ್ರಯತ್ನಪಟ್ಟ. ಸೋತ ಅನ್ನೋದು ಸಮಾಧಾನ.

ಸರ್ಕಾರವೇ ನಡೆಸಿದರೆ ಸುರಕ್ಷಿತ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಖಾಸಗಿ ಮಾಲೀಕರು ಮನಸ್ಸಿಗೆ ಬಂದಂತೆ ಅಗೆಯುತ್ತಾರೆ, ಕೂಲಿಯವರನ್ನು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ಎಂಬುದು 1972–73ರ ರಾಷ್ಟ್ರೀಕರಣಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಅದರಿಂದ ಸಂಬಳ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಸುಧಾರಿಸಿದ್ದು ನಿಜ. ಆದರೆ ಚಾಸ್ನಾಲಾ ಕೂಡ ಆಗ ಸರ್ಕಾರದ ಆಡಳಿತಕ್ಕೆ ಬಂದಿದ್ದ ಉಕ್ಕು ಕಂಪನಿಯ ಗಣಿ. ಇದಕ್ಕಿಂತ ಕಹಿಯಾದದ್ದು ವೇಲ್ಸ್‌ನ ಅಬರ್‌ಫ್ಯಾನ್ ಕಥೆ. ಅಲ್ಲಿ ಗಣಿಯ ಕಸದ ಗುಡ್ಡವನ್ನು ಊರಿನ ಮೇಲ್ಗಡೆ, ನೀರಿನ ಸೆಲೆಯ ಮೇಲೆಯೇ ಪೇರಿಸಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಜಾರಿ ಶಾಲೆಯ ಮೇಲೆ ಬಿತ್ತು. ಸತ್ತ 144 ಜನರಲ್ಲಿ 116 ಮಕ್ಕಳು. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಭೂಕುಸಿತ ನೋಡಿದ ನಮಗೆ ಮಣ್ಣು ಹೇಗೆ ನೀರಿನಂತೆ ಹರಿಯುತ್ತದೆ ಎಂದು ಗೊತ್ತು. ಗುಡ್ಡದ ಬಗ್ಗೆ ಊರಿನವರು ಮೊದಲೇ ದೂರು ಕೊಟ್ಟಿದ್ದರು. ತಪ್ಪು ಸರ್ಕಾರದ್ದೇ ಆದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದ್ದು ಎಂದು ವಿಚಾರಣಾ ಮಂಡಳಿ ಸ್ಪಷ್ಟವಾಗಿ ಹೇಳಿತು. ಒಬ್ಬರ ಮೇಲೂ ಕೇಸ್ ಆಗಲಿಲ್ಲ, ಒಬ್ಬರ ಕೆಲಸವೂ ಹೋಗಲಿಲ್ಲ. ಉಳಿದ ಗುಡ್ಡಗಳನ್ನು ತೆಗೆಸಲು ಜನ ಕೊಟ್ಟ ಪರಿಹಾರ ನಿಧಿಯಿಂದಲೇ 1,50,000 ಪೌಂಡ್ ಕಿತ್ತುಕೊಂಡರು! ಅದನ್ನು ವಾಪಸ್ ಕೊಟ್ಟದ್ದು 1997ರಲ್ಲಿ. ಮಾಲೀಕನೂ ಸರ್ಕಾರ, ಕಾವಲುಗಾರನೂ ಸರ್ಕಾರ ಆದಾಗ ದೂರು ಯಾರಿಗೆ ಕೊಡುವುದು?

ಹಿಂದಿನದಕ್ಕೆ ಹೋಲಿಸಿದರೆ ನಮ್ಮಲ್ಲಿ ಸಾವು ಕಡಿಮೆಯಾಗಿದೆ, ಅದನ್ನೂ ಹೇಳಬೇಕು. ಡಿಜಿಎಂಎಸ್‌ಗೆ ಅದರಲ್ಲಿ ಪಾಲಿದೆ. ಇನ್ನೊಂದು ಕಾರಣ, ಈಗ ಶೇ. 90ಕ್ಕೂ ಜಾಸ್ತಿ ಕಲ್ಲಿದ್ದಲು ತೆರೆದ ಗಣಿಗಳಿಂದ ಬರುತ್ತದೆ. ತಲೆಯ ಮೇಲೆ ಛಾವಣಿಯೇ ಇಲ್ಲದಿದ್ದರೆ ಕುಸಿಯುವುದೇನು? ಆದರೆ ಅಪಾಯ ಈಗ ಗುತ್ತಿಗೆ ಕಾರ್ಮಿಕರ ಕಡೆಗೆ ಸರಿದಿದೆ. 2016ರ ಡಿಸೆಂಬರ್ 29ರಂದು ಜಾರ್ಖಂಡ್‌ನ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ರಾಶಿ ಜಾರಿ 23 ಜನ ಸತ್ತರು. ಗಣಿ ಸರ್ಕಾರಿ ಕಂಪನಿಯದು, ಕೆಲಸ ಖಾಸಗಿ ಗುತ್ತಿಗೆದಾರನದು. ಕಾಯಂ ನೌಕರರಿಗೆ ಯೂನಿಯನ್ ಇದೆ, ಯೂನಿಯನ್‌ಗೆ ಪಕ್ಷ ಇದೆ. ಗುತ್ತಿಗೆಯವನು ಬಾಯಿ ತೆರೆದರೆ ನಾಳೆ ಗೇಟ್‌ಪಾಸ್ ಇರುವುದಿಲ್ಲ.

ಮೇಘಾಲಯದ ಇಲಿಬಿಲ ಗಣಿಗಳಲ್ಲಿ, ಅಂದರೆ ತೆವಳಿಕೊಂಡು ಹೋಗುವಷ್ಟು ಕಿರಿದಾದ ಸುರಂಗಗಳಲ್ಲಿ, ಗೇಟ್‌ಪಾಸೂ ಇಲ್ಲ. 2014ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧ ಹಾಕಿತು. ನಿಷೇಧ ತೆಗೆಸುತ್ತೇವೆ ಎನ್ನುವುದು ಅಲ್ಲಿ ಚುನಾವಣೆಯ ಮಾತಾಯಿತು, ಅಗೆತ ನಿಲ್ಲಲಿಲ್ಲ. 2018ರ ಡಿಸೆಂಬರ್‌ನಲ್ಲಿ ಕ್ಸಾನ್‌ನಲ್ಲಿ ನೀರು ನುಗ್ಗಿ 15 ಜನ ಸಿಕ್ಕಿಹಾಕಿಕೊಂಡರು. 2025ರ ಜನವರಿಯಲ್ಲಿ ಅಸ್ಸಾಂನ ಉಮ್ರಾಂಗ್ಸೊದಲ್ಲಿ 9 ಜನ. ಕಾಗದದಲ್ಲಿ ಇಲ್ಲದ ಗಣಿಗೆ ಯಾವ ಇನ್‌ಸ್ಪೆಕ್ಟರ್ ಹೋಗುತ್ತಾನೆ?

ಈಗ ಹೊಸ ಕಾನೂನು ಬಂದಿದೆ. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 13 ಕಾಯ್ದೆಗಳನ್ನು ಒಂದಾಗಿಸಿದೆ. ಅದರಲ್ಲಿ ಗಣಿ ಕಾಯ್ದೆಯೂ ಇದೆ, ನಮ್ಮ ತೋಟಗಳಿಗೆ ಅನ್ವಯಿಸುತ್ತಿದ್ದ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯೂ ಇದೆ. ಹಾಗಾಗಿ ಇದು ಕೊಡಗಿನ ಮಾಲೀಕರೂ ಕಾರ್ಮಿಕರೂ ಓದಬೇಕಾದದ್ದು. ನಿಯಮ ಮುರಿದು ಜೀವ ಹೋದರೆ ಹಳೇ ಗಣಿ ಕಾಯ್ದೆಯಲ್ಲಿ ದಂಡ ಹೆಚ್ಚೆಂದರೆ 5,000 ರೂಪಾಯಿ, ಇಲ್ಲವೇ 2 ವರ್ಷದವರೆಗೆ ಜೈಲು. ಈಗ ದಂಡ ಕನಿಷ್ಠ 5 ಲಕ್ಷ. ಅದರಲ್ಲಿ ಅರ್ಧಕ್ಕೆ ಕಡಿಮೆಯಾಗದಂತೆ ಸತ್ತವರ ಮನೆಯವರಿಗೆ ಕೊಡಿಸಬಹುದು. ಇದು ಒಳ್ಳೆಯದು. ಜೈಲಿನ ಅವಧಿ ಮಾತ್ರ ಅಷ್ಟೇ ಇದೆ. ಇನ್‌ಸ್ಪೆಕ್ಟರ್ ಇನ್ನು ಮೇಲೆ ಮಾಲೀಕರಿಗೆ ಸಲಹೆ ಕೊಟ್ಟು ನೆರವಾಗುವವನೂ ಹೌದು. ಬಟ್ಟೆ ಅಂಗಡಿಗೆ ಇದು ಸರಿಹೋಗಬಹುದು. ಗಣಿಗೆ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಕೊನೆಗೆ ಕರ್ನಾಟಕ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳದು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬಾರಂಜ್ ಗಣಿಯಂತೂ ನಮ್ಮದೇ. 2014ರಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಅದೂ ಹೋಗಿತ್ತು, ಆಮೇಲೆ ಕರ್ನಾಟಕ ವಿದ್ಯುತ್ ನಿಗಮಕ್ಕೇ ಮತ್ತೆ ಸಿಕ್ಕಿತು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ನಾವು ಶಾಸಕರಿಗೆ ಫೋನ್ ಮಾಡುತ್ತೇವೆ. ಬಾರಂಜ್‌ನಲ್ಲಿ ಗುತ್ತಿಗೆಯವರು ಎಷ್ಟು ಜನ, ಅಲ್ಲಿನ ಸುರಕ್ಷತಾ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ ಎಂದು ವಿಧಾನಸಭೆಯಲ್ಲಿ ಕೇಳಿಸಲು ಅದೇ ಶಾಸಕರು ಸಾಕು. ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ನಿಗಮದ ಕಚೇರಿ ಬೆಂಗಳೂರಿನಲ್ಲೇ ಇದೆ, ಶುಲ್ಕ 10 ರೂಪಾಯಿ.