ರಾಮದುರ್ಗದ ಭಯ, ಸಮೋವಾದ ಪಾಠ: ದಡಾರದ ಲಸಿಕೆ ಕುರಿತು ಮಕ್ಕಳ ತಜ್ಞರ ಉತ್ತರ

ಪ್ರಶ್ನೆ: 2022ರಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮಕ್ಕಳು ತೀರಿಕೊಂಡದ್ದನ್ನು ನಮ್ಮ ಮನೆಯವರು ಮರೆತಿಲ್ಲ. ನನ್ನ ಹತ್ತು ತಿಂಗಳ ಮಗಳಿಗೆ ಸೂಜಿ ಬೇಡ, ಗೊಬ್ಬರ (ದಡಾರ) ಬಂದರೆ ತಾನಾಗಿಯೇ ಇಳಿಯುತ್ತದೆ ಎನ್ನುತ್ತಾರೆ. ಏನು ಮಾಡಲಿ?
– ತಾಯಿಯೊಬ್ಬರು, ಸವದತ್ತಿ

ಉತ್ತರ: ಬೆಳಗಾವಿ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ವಿವರವಾಗಿ ಬರೆಯುತ್ತೇನೆ. ನಿಮ್ಮ ಮನೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಆ ಜನವರಿಯಲ್ಲಿ ಮೂರು ಕೂಸುಗಳು ಹೋದವು, ಮತ್ತು ಆರಂಭಿಕ ತನಿಖೆ ಬೆರಳು ತೋರಿದ್ದು ಲಸಿಕೆಯನ್ನು ಇಟ್ಟು ಬಳಸಿದ ರೀತಿಯ ಕಡೆಗೆ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಮುಲಾಜಿಲ್ಲದೆ ಎಸೆಯಬೇಕು. ಅದರಲ್ಲಿ ಸಂರಕ್ಷಕ ಇರುವುದಿಲ್ಲವಾದ್ದರಿಂದ, ತೆರೆದ ಸೀಸೆಯನ್ನು ಮರುದಿನಕ್ಕೆ ಇಟ್ಟುಕೊಂಡರೆ ಒಳಗೆ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು.

ಇಂಥದ್ದೇ ದುರಂತದ ನಂತರ ಲಸಿಕೆಯನ್ನೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಸಮೋವಾ ಅನುಭವಿಸಿದೆ. ಪೆಸಿಫಿಕ್ ಸಾಗರದ ಈ ದ್ವೀಪ ದೇಶದ ಜನಸಂಖ್ಯೆ ಸುಮಾರು ಎರಡು ಲಕ್ಷ, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು. 2018ರ ಜುಲೈಯಲ್ಲಿ ಅಲ್ಲಿ ಲಸಿಕೆಯ ಪುಡಿಗೆ ನೀರಿನ ಬದಲು ಅರಿವಳಿಕೆಯಲ್ಲಿ ಬಳಸುವ ಔಷಧವನ್ನು ತಪ್ಪಾಗಿ ಬೆರೆಸಿದ್ದರಿಂದ ಎರಡು ಶಿಶುಗಳು ಸತ್ತವು. ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು, ಲಸಿಕೆ ವಿರೋಧಿಗಳು ಆ ಭಯವನ್ನು ಬೆಳೆಸಿದರು, ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ಶೇ 31ರಷ್ಟಕ್ಕೆ ಕುಸಿಯಿತು. ದಡಾರ ಹರಡದಂತೆ ತಡೆಯಲು ಶೇ 95ರಷ್ಟು ಮಕ್ಕಳಿಗೆ ಲಸಿಕೆಯ ರಕ್ಷಣೆ ಇರಬೇಕು. 2019ರ ಕೊನೆಯಲ್ಲಿ ರೋಗ ಕಾಲಿಟ್ಟಾಗ 5,700ಕ್ಕೂ ಹೆಚ್ಚು ಜನರಿಗೆ ಅಂಟಿ 83 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ಇಡೀ ದೇಶವನ್ನೇ ಬಂದ್ ಮಾಡಿ, ಲಸಿಕೆ ಆಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿಸಿ, ಮನೆಮನೆಗೆ ಹೋಗಿ ಸೂಜಿ ಹಾಕಿಸಬೇಕಾಯಿತು. ತಪ್ಪು ನಡೆದದ್ದು ಬೆರೆಸುವ ಕೈಯಲ್ಲಿ. ಅದರ ಬೆಲೆ ತೆತ್ತವರು ಲಸಿಕೆಯೇ ಸಿಗದ ಮಕ್ಕಳು.

ಆದ್ದರಿಂದ ಲಸಿಕೆ ಹಾಕುವ ದಿನವಾದ ಗುರುವಾರ ಮಗಳನ್ನು ಕರೆದುಕೊಂಡು ಹೋಗಿ, ಆದರೆ ಕಣ್ಣು ತೆರೆದುಕೊಂಡು ಹೋಗಿ. ಸೀಸೆಯನ್ನು ಎಷ್ಟು ಗಂಟೆಗೆ ತೆರೆದರು ಎಂದು ಕೇಳಿ, ಅದರ ಮೇಲೆ ಬರೆದ ಸಮಯವನ್ನು ನೋಡಿ, ಹೊಸ ಸಿರಿಂಜನ್ನು ನಿಮ್ಮೆದುರೇ ಬಿಚ್ಚಲು ಹೇಳಿ, ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂಡಿರಿ. ಹೀಗೆ ಕೇಳಿದರೆ ಸಿಡುಕುವ ಸಿಬ್ಬಂದಿಯ ಮುಂದೆ ಸಂಕೋಚಪಡಬೇಡಿ, ಅದು ನಿಮ್ಮ ಹಕ್ಕು. 16ರಿಂದ 24 ತಿಂಗಳ ನಡುವಿನ ಎರಡನೆಯ ಡೋಸನ್ನೂ ತಪ್ಪಿಸಬೇಡಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಮಕ್ಕಳು ಇದನ್ನೇ ಕಳೆದುಕೊಳ್ಳುತ್ತಾರೆ. ತಾಯಿ ಕಾರ್ಡ್ ಜೊತೆಗಿದ್ದರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೂ ಹಾಕುತ್ತಾರೆ.

ಪ್ರಶ್ನೆ: ಅಮ್ಮ (ದಡಾರ) ಬಂದಾಗ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಬಾರದಂತೆ. ನಿಜವೇ?
– ಮುಧೋಳ

ಉತ್ತರ: ಬಾಗಿಲಿಗೆ ಬೇವು ಕಟ್ಟಿದರೆ ನನ್ನ ತಕರಾರಿಲ್ಲ, ಮಗುವಿನ ಊಟ ಕಟ್ಟಿದರೆ ಇದೆ. ದಡಾರದಲ್ಲಿ ಮಕ್ಕಳನ್ನು ಕೊಲ್ಲುವುದು ಹೆಚ್ಚಾಗಿ ನ್ಯುಮೋನಿಯಾ ಮತ್ತು ಭೇದಿ. ಹಸಿದ ಮಗುವಿಗೆ ಅವೆರಡೂ ಬೇಗ ಹತ್ತುತ್ತವೆ. ರೋಗ ಬಂದ ಪ್ರತಿ ಮಗುವಿಗೂ ಸತತ ಎರಡು ದಿನ, ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ‘ಎ’ ಜೀವಸತ್ವ ಕೊಡಿಸಬೇಕು. ಇದು ಕಣ್ಣನ್ನೂ ಜೀವವನ್ನೂ ಉಳಿಸುತ್ತದೆ. ದುಡ್ಡು ಇಸಿದುಕೊಂಡು ದಾರ ಕಟ್ಟಿ, ಏದುಸಿರು ಬಿಡುವ ಕೂಸನ್ನು ಮನೆಯಲ್ಲೇ ಇಡಿಸುವವರು ಆ ಸಾವಿಗೆ ಹೊಣೆಗಾರರು.

ಪ್ರಶ್ನೆ: ಲಸಿಕೆಯಿಂದ ಆಟಿಸಂ ಬರುತ್ತದೆಯೇ?

ಉತ್ತರ: ಇಲ್ಲ. ಹಾಗೆ ಸೂಚಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಪ್ರಶ್ನೆ: ಊರಿನ ಡಾಕ್ಟರು ಸಲಾಯಿನ್ ಹಚ್ಚಿ ಆಂಟಿಬಯೋಟಿಕ್ ಕೊಟ್ಟರೆ ಗುಳ್ಳೆ ಬೇಗ ಇಳಿಯುತ್ತವೆಯೇ?

ಉತ್ತರ: ಇಳಿಯುವುದಿಲ್ಲ, ಇದು ವೈರಸ್. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ.

ಪ್ರಶ್ನೆ: ಪಕ್ಕದ ಮನೆಯ ಮಗುವಿಗೆ ನಿನ್ನೆ ದಡಾರ ಕಾಣಿಸಿಕೊಂಡಿದೆ. ನನ್ನ ಮೂರು ವರ್ಷದ ಮಗನಿಗೆ ಒಂದೂ ಸೂಜಿ ಆಗಿಲ್ಲ.
– ಇಂಡಿ

ಉತ್ತರ: ಗುರುವಾರಕ್ಕೆ ಕಾಯದೆ ಇಂದೇ ಹೊರಡಿ. ಸೋಂಕಿಗೆ ಒಡ್ಡಿಕೊಂಡ 72 ಗಂಟೆಯೊಳಗೆ ಹಾಕಿದ ಲಸಿಕೆ ರೋಗವನ್ನು ತಡೆಯಬಲ್ಲದು. ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದಲೇ ದಡಾರ ಅಂಟುತ್ತದೆಯಾದ್ದರಿಂದ ನಿಮಗೆ ಉಳಿದಿರುವ ಸಮಯ ಇನ್ನೂ ಕಡಿಮೆ ಇರಬಹುದು. ಆ ಗಡುವು ಮೀರಿದ್ದರೂ ಮುಂದಿನ ರಕ್ಷಣೆಗಾಗಿ ಸೂಜಿ ಹಾಕಿಸಿ, ಮೂರು ವಾರ ಜ್ವರ, ಕೆಮ್ಮು, ಕೆಂಗಣ್ಣಿನ ಮೇಲೆ ನಿಗಾ ಇಡಿ.