ಗೋಡೆಯಂತೆ ನಿಂತ ಉಸುಕು ದಿಢೀರನೆ ಕುಸಿಯೋದು ಯಾಕೆ?

ಪ್ರಶ್ನೆ: ನಮ್ಮ ಹೊಲದ ಪಕ್ಕದ ಹಳ್ಳದ ದಂಡೆ ಪೂರಾ ಉಸುಕು. ಆದರೂ ಎಂಟಡಿ ಎತ್ತರಕ್ಕೆ ಕಟ್ಟಿದ ಗೋಡೆಯಂತೆ ನೆಟ್ಟಗೆ ನಿಂತಿದೆ. ಅದನ್ನೇ ಅಗೆದು ಗುಡ್ಡೆ ಹಾಕಿದರೆ ಜಾರಿ ಹರಡುತ್ತದೆ. ಮೊನ್ನೆ ದಂಡೆಯ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದಾಗ ಒಂದು ಭಾಗ ದಿಢೀರನೆ ಕುಸಿಯಿತು. ಮಳೆಯೂ ಇರಲಿಲ್ಲ. ಈಗ ಅಲ್ಲೇ ಪೈಪ್ ಹಾಕಲು ಆರಡಿ ತಗ್ಗು ತೋಡಿಸಬೇಕು. ಗಟ್ಟಿ ನೆಲ, ಏನೂ ಆಗಲ್ಲ ಅಂತಾರೆ ಕೆಲಸದವರು. ನಂಬಬಹುದಾ?
(ಸಿಂಧನೂರು ತಾಲ್ಲೂಕಿನ ರೈತರು)

ಉತ್ತರ: ನಂಬಬೇಡಿ. ನೆಲ ಗಟ್ಟಿ ಅನ್ನೋದು ಸುಳ್ಳಲ್ಲ. ಆದರೆ ಇಂಥ ಉಸುಕು ಬೀಳುವ ಮುಂಚೆ ಸೂಚನೆ ಕೊಡೋದು ತೀರಾ ಕಡಿಮೆ.

ಒಣ ಉಸುಕನ್ನು ತಡೆದು ನಿಲ್ಲಿಸೋದು ಕಾಳುಗಳ ತಿಕ್ಕಾಟ ಮಾತ್ರ. ಅದಕ್ಕೇ ಗುಡ್ಡೆ ಸುಮಾರು 30ರಿಂದ 35 ಡಿಗ್ರಿ ಇಳಿಜಾರಿಗೆ ಬಂದು ನಿಲ್ಲುತ್ತದೆ. ನಿಮ್ಮ ದಂಡೆಯಲ್ಲಿ ಕಾಳು ಕಾಳಿಗೆ ತಾಗುವ ಕಡೆ ಅಂಟೂ ಇದೆ. ಅದು ಸುಣ್ಣ ಇರಬಹುದು, ಕಬ್ಬಿಣದ ತುಕ್ಕಿನಂಥದ್ದಿರಬಹುದು, ಬರೀ ಜೇಡಿಯೂ ಇರಬಹುದು. ಈ ಅಂಟು ಜಾಸ್ತಿ ಏನೂ ಬೇಕಿಲ್ಲ. ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ತೂಕದಷ್ಟು ಬಲ ಇದ್ದರೂ, ಲೆಕ್ಕದ ಪ್ರಕಾರ ಎಂಟಡಿ ಗೋಡೆ ನಿಲ್ಲುತ್ತದೆ!

ತೊಂದರೆ ಇರೋದು ಇಲ್ಲೇ. ಅಂಟು ಮತ್ತು ತಿಕ್ಕಾಟ ಎರಡೂ ಒಟ್ಟಿಗೆ ಪೂರ್ತಿ ಬಲ ಕೊಡೋದಿಲ್ಲ. ಪ್ರಯೋಗಾಲಯದಲ್ಲಿ 6 ಸೆಂಟಿಮೀಟರ್ ಚೌಕದ ಪೆಟ್ಟಿಗೆಯಲ್ಲಿ ಮಣ್ಣು ತುಂಬಿ, ಮೇಲೆ ಭಾರ ಹೇರಿ, ಪೆಟ್ಟಿಗೆಯ ಅರ್ಧ ಭಾಗವನ್ನು ಅಡ್ಡಕ್ಕೆ ಸರಿಸುತ್ತಾರೆ. ಸಡಿಲ ಉಸುಕಾದರೆ ತಡೆಯುವ ಬಲ ನಿಧಾನಕ್ಕೆ ಏರಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅಂಟಿರುವ ಉಸುಕಿನಲ್ಲಿ ಅದು ಸರ್ರನೆ ಏರಿ, ಕೂದಲೆಳೆಯಷ್ಟು ಸರಿಯುತ್ತಲೇ ಅಂಟು ಬಿಟ್ಟುಕೊಂಡು, ಅಷ್ಟೇ ಬೇಗ ಇಳಿಯುತ್ತದೆ. ಆಮೇಲೆ ಉಳಿಯೋದು ಹೆಚ್ಚುಕಡಿಮೆ ಸಡಿಲ ಉಸುಕಿನ ಬಲ. ಶೇಂಗಾ ಚಿಕ್ಕಿ ಬಾಗಲ್ಲ, ಪಟ್ಟಂತ ಮುರಿಯುತ್ತೆ ಅಲ್ವಾ, ಹಾಗೆ. ಮುರಿತವೂ ಎಲ್ಲ ಕಡೆ ಆಗೋದಿಲ್ಲ. ಹತ್ತಿಪ್ಪತ್ತು ಕಾಳು ದಪ್ಪದ ಒಂದು ಪಟ್ಟಿಯಲ್ಲಿ ಮಾತ್ರ ಕಾಳುಗಳು ಒಂದರ ಮೇಲೊಂದು ಹತ್ತಿ ಉರುಳುತ್ತವೆ, ಉಳಿದದ್ದು ಇಡಿಯಾಗಿ ಜಾರುತ್ತದೆ. ಬಿದ್ದ ಮಣ್ಣಲ್ಲಿ ದೊಡ್ಡ ದೊಡ್ಡ ಹೆಂಟೆ ಸಿಕ್ಕಿದ್ದರೆ ಕಾರಣ ಇದೇ.

ಇದೇ ಉಸುಕು ತುಂಬಾ ಆಳದಲ್ಲಿದ್ದರೆ ಕಥೆ ಬೇರೆ. ಸುತ್ತಲಿನ ಒತ್ತಡಕ್ಕೆ ಅಂಟು ಮೆಲ್ಲಗೆ ನುಗ್ಗಾಗುತ್ತದೆ, ಬಲ ಹಠಾತ್ತನೆ ಬೀಳೋದಿಲ್ಲ. ದಂಡೆಯ ಅಂಚಿನಲ್ಲಿ ಆ ಒತ್ತಡ ಇಲ್ಲ. ಅಂಚಿಗೆ ಸಮಾನಾಂತರವಾಗಿ ಮೇಲೊಂದು ಬಿರುಕು ಬಿದ್ದಿದ್ದರೆ ಟ್ರ್ಯಾಕ್ಟರಿನ ಭಾರವೇ ಸಾಕು.

ಒಂದು ಹೆಂಟೆಯನ್ನು ನೀರಿಗೆ ಹಾಕಿ ನೋಡಿ. ಕೆಲವೇ ನಿಮಿಷಕ್ಕೆ ಕರಗಿ ಕುಸಿದರೆ ಹಿಡಿದಿದ್ದದ್ದು ಜೇಡಿ ಇಲ್ಲವೇ ಬರೀ ತೇವ. ಅಂಥ ಗೋಡೆ ಮೊದಲ ಮಳೆಗೇ ಹೋಗಬಹುದು. ಇಡಿಯಾಗಿ ಉಳಿದರೆ ಪುಡಿ ಮಾಡಿ ನಿಂಬೆರಸ ಹಿಂಡಿ. ಗುಳ್ಳೆ ಎದ್ದರೆ ಸುಣ್ಣ. ಆದರೆ ಸುಣ್ಣ ಅಂತ ಗೊತ್ತಾದ ಮಾತ್ರಕ್ಕೆ ತಗ್ಗಿನ ಗೋಡೆಗೆ ಆಸರೆಯ ಹಲಗೆ ಬೇಡ ಅನ್ನಬೇಡಿ.

ಒಂದೂವರೆ ಮೀಟರಿಗಿಂತ ಆಳ ಅಂದರೆ ಹಲಗೆ ಮತ್ತು ಅದನ್ನು ಒತ್ತಿ ಹಿಡಿಯುವ ಅಡ್ಡ ಆಸರೆ ಕೊಡಲೇಬೇಕು. ಆರಡಿ ಅದಕ್ಕಿಂತ ಜಾಸ್ತಿ. ಜಾಗ ಇದ್ದರೆ ಗೋಡೆಯನ್ನು ಇಳಿಜಾರಾಗಿ ಕಡಿಸಿ. ತೆಗೆದ ಮಣ್ಣನ್ನೂ ಟ್ರ್ಯಾಕ್ಟರನ್ನೂ ಅಂಚಿನಿಂದ ದೂರ ಇಡಿ. ಬೆಳಿಗ್ಗೆ ಯಾರೂ ಒಳಗೆ ಇಳಿಯುವ ಮೊದಲು ಮೇಲೆ ಹೊಸ ಬಿರುಕು ಬಂದಿದೆಯಾ ಅಂತ ಒಂದು ಸುತ್ತು ನೋಡಿ.